ವಾಪಸ್ ಕೇಳಿದ ಗಿಣ್ಣು

ಬೇರೆಯವರ ರಕ್ತ ನೋಡುವುದು ನನ್ನ ಕೆಲಸ. ಇಪ್ಪತ್ತೊಂಬತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ, ಮೊದಲು ಮಳವಳ್ಳಿಯ ಒಂದು ಲ್ಯಾಬಿನಲ್ಲಿ, ಈಗ ಮದ್ದೂರಿನಲ್ಲಿ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಸವರಿ, ಬಣ್ಣ ಹಾಕಿ, ತೊಳೆದು ಒಣಗಿಸಿ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಆಯಿತು. ಆ ಮನುಷ್ಯ ಯಾರ ಮಗ, ಎಷ್ಟು ಜಮೀನಿದೆ, ಯಾವ ಪಾರ್ಟಿ ಎನ್ನುವುದೊಂದೂ ಅಲ್ಲಿ ಕಾಣುವುದಿಲ್ಲ. ಕಾಣುವುದು ಕೆಂಪು ಕಣಗಳ ರಾಶಿ, ನಡುವೆ ಅಲ್ಲೊಂದು ಇಲ್ಲೊಂದು ಬಿಳಿ ಕಣ. ಆ ಬಿಳಿಯವನ್ನು ಬಗೆಬಗೆಯಾಗಿ ವಿಂಗಡಿಸಿ ನೂರರವರೆಗೆ ಎಣಿಸಬೇಕು. ಬಲಗೈ ಹತ್ತಿರ ಗುಂಡಿಗಳಿರುವ ಎಣಿಕೆಯ ಡಬ್ಬ ಇರುತ್ತದೆ. ನೂರಾದ ಕೂಡಲೇ ಅದು ಟಿಣ್ ಎನ್ನುತ್ತದೆ. ಆ ಟಿಣ್ ಕೇಳಿಕೊಂಡೇ ನನ್ನ ಕೂದಲು ಬೆಳ್ಳಗಾಯಿತು.

ಈಗ ಮಿಷನ್ ಬಂದಿದೆ. ನಾನು ಐದು ನಿಮಿಷ ತೆಗೆದುಕೊಳ್ಳುವುದನ್ನು ಅದು ಒಂದು ನಿಮಿಷದಲ್ಲಿ ಮುಗಿಸಿ ಚೀಟಿ ಉಗುಳುತ್ತದೆ. ಮಿಷನ್ನಿಗೆ ಅನುಮಾನ ಬಂದ ರಕ್ತ ಮಾತ್ರ ನನ್ನ ಹತ್ತಿರ ಬರುವುದು, ದಿನಕ್ಕೆ ನಾಲ್ಕೋ ಐದೋ. ಉಳಿದ ಹೊತ್ತು ಸುಮ್ಮನೆ ಕೂತಿರುತ್ತೇನೆ. ಲ್ಯಾಬಿನ ಹೆಣ್ಣುಮಕ್ಕಳು ಒಟ್ಟಿಗೆ ಊಟಕ್ಕೆ ಕೂರುತ್ತಾರೆ, ನಾನು ಬೇರೆ. ತಪ್ಪು ಅವರದೇನಲ್ಲ. ಒಮ್ಮೆ ಒಬ್ಬಳು ಸ್ಲೈಡನ್ನು ಸರಿಯಾಗಿ ತೊಳೆಯದೆ ತಂದಾಗ, 'ನಿಮ್ಮ ಮನೇಲಿ ಪಾತ್ರೇನೂ ಇಂಗೇ ತೊಳೀತೀರಾ?' ಅಂದಿದ್ದೆ. ಅವಳು ಅತ್ತಳು. ನನ್ನ ಬಾಯಿ ಅಂಥದ್ದು; ಆಡಿ ಮುಗಿಸಿದ ಮೇಲೆಯೇ ನನಗೂ ಕೇಳಿಸುವುದು.

ಕೆಲಸ ಕಲಿಸಿದವರು ಮಳವಳ್ಳಿಯ ಹಿರಿಯರೊಬ್ಬರು, ಮುಸಲ್ಮಾನರು, ನನ್ನನ್ನು ಬೇಟಿ ಎಂದೇ ಕರೆಯುತ್ತಿದ್ದರು. ಬಿಳಿ ಕಣಗಳ ಬಗ್ಗೆ ಪೇಪರಿನಲ್ಲಿ ಬರೆಯುವ ಹಾಗೆ ಸೈನ್ಯ, ಯುದ್ಧ, ಕೋಟೆ ಅಂತೆಲ್ಲ ಅವರು ಹೇಳಿದವರಲ್ಲ. 'ಬೇಟಿ, ಇವಕ್ಕೆ ಕಣ್ಣಿಲ್ಲ,' ಅನ್ನುತ್ತಿದ್ದರು. 'ವಾಸನೆ ಹಿಡ್ಕೊಂಡು ಹೋಗ್ತವೆ. ಮೈ ತಡವಿ ನೋಡ್ತವೆ. ನಮ್ಮೋರಲ್ಲ ಅಂತ ಗೊತ್ತಾದ್ರೆ ನುಂಗ್ತವೆ. ಅಷ್ಟೇ.'

ಅಷ್ಟೇ ಅಂದರೂ ಅದರಲ್ಲಿ ಬಹಳ ಇತ್ತು. ಕಾಲಿಗೆ ಕಬ್ಬಿನ ಕೂಳೆ ಚುಚ್ಚಿತು ಅನ್ನೋಣ. ಅದರ ಜೊತೆ ರೋಗಾಣು ಒಳಗೆ ಹೋಯಿತು. ಮಾಂಸದೊಳಗೆ ಮೊದಲಿನಿಂದಲೂ ಬೀಡುಬಿಟ್ಟಿರುವ ದೊಡ್ಡ ಕಣಗಳಿವೆ, ಊರು ಬಿಟ್ಟು ಎಲ್ಲೂ ಹೋಗದಂಥವು. ಅವುಗಳ ಮೈಗೆ ಮೊದಲು ತಾಗುತ್ತದೆ. ಅವು ಕೈಲಾದಷ್ಟು ನುಂಗಿ, ರಕ್ತಕ್ಕೆ ವಾಸನೆಯಲ್ಲಿ ಸುದ್ದಿ ಬಿಡುತ್ತವೆ. ರಕ್ತದಲ್ಲಿ ಓಡುತ್ತಿದ್ದ ಬಿಳಿ ಕಣ, ಮೂರ್ನಾಲ್ಕು ಹೋಳಿನ ನಡುಬೀಜ ಇರುವುದು, ನಾವು ನ್ಯೂಟ್ರೋಫಿಲ್ ಅನ್ನುವುದು, ಆ ವಾಸನೆ ಬಂದ ಕಡೆ ನಾಳದ ಗೋಡೆಗೆ ಅಂಟಿಕೊಂಡು ಉರುಳುತ್ತ ನಿಲ್ಲುತ್ತದೆ, ಸಂದಿಯಲ್ಲಿ ಮೈ ತೂರಿಸಿ ಆಚೆ ಬರುತ್ತದೆ, ನುಂಗುತ್ತದೆ, ಸಾಯುತ್ತದೆ. ಕೀವು ಎಂದು ನಾವು ಮೂಗು ಮುಚ್ಚಿಕೊಳ್ಳುವುದು ಬಹಳ ಮಟ್ಟಿಗೆ ಅವುಗಳ ಹೆಣವನ್ನು ನೋಡಿ.

ಆದರೆ ಕೆಲವು ರೋಗಾಣು ಕಳ್ಳಮುಂಡೇವು. ಮೈಗೆ ಲೋಳೆ ಸವರಿಕೊಂಡು ಬರುತ್ತವೆ. ಎಷ್ಟು ತಡವಿದರೂ ಜಾರುತ್ತವೆ, ಗುರುತು ಸಿಗುವುದಿಲ್ಲ. ಅದಕ್ಕೆ ಇನ್ನೊಂದು ಬಗೆಯ ಬಿಳಿ ಕಣ ಇದೆ, ಗುಂಡನೆಯ ಒಂದೇ ಬೀಜದ್ದು. ಅದು ನಿಧಾನ, ಮೊದಲ ಸಲವಾದರೆ ದಿನಗಟ್ಟಲೆ ತೆಗೆದುಕೊಳ್ಳುತ್ತದೆ. ಆದರೆ ಒಮ್ಮೆ ಕಂಡ ರೋಗಾಣುವನ್ನು ಸಾಮಾನ್ಯವಾಗಿ ಮರೆಯುವುದಿಲ್ಲ. ಅದರ ಸಂತತಿಯವು ಆ ರೋಗಾಣುವಿಗೆ ಸರಿಯಾಗಿ ಅಂಟುವಂಥ ಒಂದು ಗುರುತನ್ನು ತಯಾರು ಮಾಡಿ ರಕ್ತಕ್ಕೆ ಬಿಡುತ್ತವೆ. ಪುಸ್ತಕದಲ್ಲಿ ಅದಕ್ಕೆ ಪ್ರತಿಕಾಯ ಎಂದಿದೆ. ನಮ್ಮ ಹಿರಿಯರು ಓಲೆ ಅನ್ನುತ್ತಿದ್ದರು, ಇನ್ಶೂರೆನ್ಸಿನವರು ಹಸುವಿನ ಕಿವಿಗೆ ಹೊಡೆಯುತ್ತಾರಲ್ಲ, ಆ ಓಲೆ. 'ಓಲೆ ಬಿದ್ದರೆ ನುಂಗೋದು ಸಲೀಸು ಬೇಟಿ. ಓಲೆ ಇಲ್ದಿದ್ರೆ ಪಕ್ಕದಲ್ಲೇ ಇದ್ರೂ ಸುಮ್ನೆ ದಾಟ್ಕೊಂಡು ಹೋಗ್ತವೆ.'

ಇದನ್ನು ನಾನು ಎಷ್ಟು ಜನ ಹೊಸಬರಿಗೆ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ. ಹೇಳಿಕೊಡುವಾಗ ಗೊತ್ತಿರುವುದು ಬೇರೆ, ಹೊತ್ತಿಗೆ ಸರಿಯಾಗಿ ನೆನಪಾಗುವುದು ಬೇರೆ.

ನಾನಿರುವುದು ಮದ್ದೂರಿನ ಹತ್ತಿರದ ಕೊಪ್ಪದಲ್ಲಿ. ಮದುವೆ ಆಗಲಿಲ್ಲ, ಯಾಕೆ ಅಂತ ಕೇಳುವವರೂ ಈಗ ಇಲ್ಲ. ಅವ್ವ ಇದ್ದಳು, ಹೋಗಿ ಎರಡು ವರ್ಷದ ಮೇಲಾಯಿತು. ಅವ್ವ ಸಾಕಿದ ಹಸು ಉಳಿಯಿತು, ಕಪ್ಪು ಬಿಳುಪಿನ ಸೀಮೆ ಹಸು. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಸ್ಸು ಹತ್ತುತ್ತೇನೆ, ಸಂಜೆ ಬಂದು ಮತ್ತೆ ಅದರ ಮುಂದೆ ನಿಲ್ಲುತ್ತೇನೆ. ದಿನದಲ್ಲಿ ನಾನು ಹೆಚ್ಚು ಮಾತಾಡುವುದು ಅದರ ಜೊತೆಯೇ. ಅದು ಉತ್ತರ ಕೊಡುವುದಿಲ್ಲವಾದ್ದರಿಂದ ಜಗಳವೂ ಇಲ್ಲ.

ಜಗಳ ಇದ್ದದ್ದು ಪಕ್ಕದ ಮನೆಯ ಅಕ್ಕನ ಜೊತೆ. ನನಗಿಂತ ಹತ್ತು ವರ್ಷ ದೊಡ್ಡವಳು. ಮಗನೂ ಸೊಸೆಯೂ ಫ್ಯಾಕ್ಟರಿ ಕೆಲಸಕ್ಕೆ ಬೆಳಿಗ್ಗೆ ಹೋದರೆ ಬರುವುದು ರಾತ್ರಿ ಊಟದ ಹೊತ್ತಿಗೇ. ಅಲ್ಲಿಯವರೆಗೆ ಅವಳೂ ಒಂಟಿ. ಅವ್ವನಿಗೂ ಅವಳಿಗೂ ಗೋಡೆಯ ಮೇಲೆ ಸಾರು, ಸೊಪ್ಪು, ಹೆಪ್ಪು ಓಡಾಡದ ದಿನ ಇರಲಿಲ್ಲ. ಅವ್ವನಿಗೆ ಜ್ವರ ಬಂದ ದಿನ ಹನ್ನೊಂದು ಗಂಟೆಗೆ ಲ್ಯಾಬಿಗೆ ಫೋನ್ ಮಾಡಿದ್ದು ಅವಳೇ. 'ನಿಮ್ಮವ್ವುಂಗೆ ಉಸಾರಿಲ್ಲ ಕಣವ್ವ, ಮೈ ಕೆಂಡ್ವಾಗದೆ, ಬಂದ್ಬುಡು.' ಅವತ್ತು ಸ್ಲೈಡುಗಳು ಸಾಲಾಗಿ ಕಾಯುತ್ತಿದ್ದವು. ನಾನು, 'ಎರಡು ಮಾತ್ರೆ ಕೊಟ್ಟು ಮಲಗ್ಸಕ್ಕ, ಸಾಯಂಕಾಲ ಬತ್ತೀನಿ,' ಅಂದೆ.

ಸಂಜೆ ಏಳೂವರೆಗೆ ಮನೆ ಸೇರಿದಾಗ ಅವ್ವ ಯಾರ್ಯಾರದೋ ಹೆಸರು ಕರೆಯುತ್ತಿದ್ದಳು. ಆಟೋದಲ್ಲಿ ಹಾಕಿಕೊಂಡು ಮಂಡ್ಯಕ್ಕೆ ಹೊರಟೆ. ದಾರಿಯಲ್ಲಿ ಮದ್ದೂರಿನ ನಮ್ಮ ಲ್ಯಾಬಿನ ಮುಂದೆ ನಿಲ್ಲಿಸಿ ಒಂದು ಸೂಜಿ ರಕ್ತ ತೆಗೆದೆ, ಒಂದು ಸ್ಲೈಡು ಮಾಡಿದೆ. ಅಭ್ಯಾಸ ಬಿಡುತ್ತದೆಯೇ? ಮೂತ್ರದ ಸೋಂಕು ರಕ್ತಕ್ಕೆ ಇಳಿದಿತ್ತು. ಎಣಿಕೆ ಡಬ್ಬದ ಗುಂಡಿ ಒತ್ತುತ್ತ ಕೂತೆ. ಬಿಳಿ ಕಣಗಳೇ ಸಿಗುತ್ತಿಲ್ಲ. ಇದ್ದವೆಲ್ಲ ಖರ್ಚಾಗಿದ್ದವು. ಸಿಕ್ಕವು ಇನ್ನೂ ಎಳಸು, ಮೂಳೆಯೊಳಗೆ ಬೆಳೆಯಬೇಕಾದವನ್ನು ಮೈ ಬೇರೆ ದಾರಿಯಿಲ್ಲದೆ ಆಚೆ ಅಟ್ಟಿತ್ತು. ಅವುಗಳ ಹೊಟ್ಟೆಯಲ್ಲಿ ಕಪ್ಪು ಕಪ್ಪು ಕಾಳು, ಸೋಂಕು ಮಿತಿಮೀರಿದ್ದರ ಗುರುತು. ಮೂವತ್ತೆಂಟರವರೆಗೆ ಎಣಿಸಿದೆ. ಡಬ್ಬ ಟಿಣ್ ಅನ್ನಲಿಲ್ಲ. ಸಾಕು ಅಂತ ಎದ್ದು ಆಟೋ ಹತ್ತಿದೆ. ಮೂರನೆಯ ದಿನ ಮಂಡ್ಯದ ಆಸ್ಪತ್ರೆಯಲ್ಲಿ ಅವ್ವ ಹೋದಳು.

ತಿಥಿಯ ದಿನ ಊಟಕ್ಕೆ ಕೂತವರ ಎದುರಿಗೇ ಆ ಅಕ್ಕ, 'ಊರೋರ್ ರಕ್ತ್ವೆಲ್ಲ ನೋಡ್ತಾಳೆ, ಎತ್ತವ್ವುನ್ ಮೈ ಮುಟ್ಟಿ ನೋಡ್ನಿಲ್ಲ,' ಅಂದಳು. ಅದು ನಿಜ. ನಿಜವಾದ್ದರಿಂದಲೇ ನನಗೆ ಮೈ ಉರಿಯಿತು. 'ಅಷ್ಟ್ ಕಾಳಜಿ ಇದ್ದೋಳು ಪಕ್ಕದಲ್ಲೇ ಇದ್ದಲ್ಲ, ನೀನೇನ್ ಕೊಟ್ಟೆ ನಮ್ಮವ್ವುಂಗೆ?' ಅಂದುಬಿಟ್ಟೆ. ಅವಳ ಮುಖ ಕಪ್ಪಿಟ್ಟಿತು. ಎಲೆಯಲ್ಲಿ ಅನ್ನ ಹಾಗೇ ಬಿಟ್ಟು ಎದ್ದು ಹೋದಳು. ಗೆದ್ದೆ ಅಂದುಕೊಂಡೆ ನಾನು.

ಅಲ್ಲಿಂದ ಎರಡು ವರ್ಷ ಮಾತಿಲ್ಲ. ಗೋಡೆಯ ಆಚೆ ಅವಳು ಕೆಮ್ಮಿದರೆ ಕೇಳಿಸುತ್ತಿತ್ತು, ನಾನು ಸೀನಿದರೆ ಅವಳಿಗೆ ಕೇಳಿಸುತ್ತಿತ್ತು, ಅಷ್ಟೇ. ಅವ್ವನ ಜೊತೆಗೆ ಬೀದಿಯವರ ಬರುವಿಕೆಯೂ ನಿಂತಿತು. ಅವರೆಲ್ಲ ಬರುತ್ತಿದ್ದದ್ದು ಅವ್ವನಿಗಾಗಿ ಅಂತ ನನಗೆ ಆಗ ಗೊತ್ತಾಯಿತು. ಇನ್ನೊಂದು ಗಮನಿಸಿದ್ದೆ: ಸಂಜೆ ಬೀದಿಯಲ್ಲೆಲ್ಲ ದೀಪ ಹತ್ತಿದ ಮೇಲೂ ಅಕ್ಕನ ಮನೆ ಬಹಳ ಹೊತ್ತು ಕತ್ತಲಾಗಿಯೇ ಇರುತ್ತಿತ್ತು. ಕರೆಂಟು ಉಳಿಸುವ ಜಿಪುಣತನ ಅಂದುಕೊಳ್ಳುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಹಸು ಕರು ಹಾಕಿತು. ಬೆಳಗಿನ ಜಾವ ಎದ್ದು ಕೊಟ್ಟಿಗೆಗೆ ಹೋದರೆ ಆಗಲೇ ಒದ್ದೆ ಕರು ನೆಲದ ಮೇಲಿತ್ತು. ಹೆಣ್ಣು. ಹಣೆಯಲ್ಲಿ ಬಿಳಿ ಬೊಟ್ಟು. ಅದನ್ನು ಒರೆಸುತ್ತ ನಾನೊಬ್ಬಳೇ ಗಟ್ಟಿಯಾಗಿ ನಕ್ಕಿದ್ದು ನೆನಪಿದೆ. 'ಅವ್ವ, ನೋಡವ್ವ,' ಅಂದೆ. ಯಾರೂ ಇರಲಿಲ್ಲ.

ನಮ್ಮ ಕಡೆ ಹಸು ಈದರೆ ಮೊದಲ ಗಿಣ್ಣುಹಾಲನ್ನು ಬೀದಿಗೆ ಹಂಚುವುದು ಪದ್ಧತಿ. ಹಳದಿ ಬಣ್ಣದ ಆ ಮಂದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದರೆ ತಾನಾಗಿ ಗಟ್ಟಿಯಾಗುತ್ತದೆ. ಅವ್ವ ಇದ್ದಾಗ ಗಿಣ್ಣು ಹೋದ ಸಂಜೆಯೇ ಬೀದಿಯ ಹೆಂಗಸರೆಲ್ಲ ಕರು ನೋಡುವ ನೆಪದಲ್ಲಿ ಬಂದು ಜಗಲಿ ತುಂಬುತ್ತಿದ್ದರು. ನಿಜ ಹೇಳಿಬಿಡುತ್ತೇನೆ: ನನಗೆ ಅದು ಬೇಕಾಗಿತ್ತು. ಎರಡು ವರ್ಷದಿಂದ ಖಾಲಿ ಇದ್ದ ಜಗಲಿಯಲ್ಲಿ ನಾಲ್ಕು ಜನ ಕೂತು ಬಾಯಿಗೆ ಬಂದದ್ದು ಮಾತಾಡಬೇಕಾಗಿತ್ತು.

ಅದಕ್ಕೇ ಕೈ ಧಾರಾಳವಾಯಿತು. ಕರು ಎದ್ದು ನಿಲ್ಲಲು ತಡಬಡಾಯಿಸುತ್ತಿತ್ತು, ಮೊಲೆಗೆ ಬಾಯಿಟ್ಟು ಎರಡು ಗುಟುಕು ಕುಡಿದು ಕುಸಿಯಿತು. ಸುಸ್ತು, ಆಮೇಲೆ ಕುಡಿಯುತ್ತದೆ ಅಂದುಕೊಂಡೆ. ಗಿಣ್ಣು ಜಾಸ್ತಿಯಾದರೆ ಕರುವಿಗೆ ಭೇದಿಯಾಗುತ್ತದೆ ಅಂತ ಅವ್ವ ಅನ್ನುತ್ತಿದ್ದದ್ದೂ ತಲೆಯಲ್ಲಿತ್ತು. ಕೆಚ್ಚಲು ಖಾಲಿಯಾಗುವವರೆಗೆ ಕರೆದೆ. ಆರು ಮನೆಗೆ ಪಾತ್ರೆ ತುಂಬಿದೆ. ಅವ್ವನ ದೊಡ್ಡ ತಂಬಿಗೆ, ಒಂದೂವರೆ ಲೀಟರಿನದು, ಅವಳ ಕಾಲದಿಂದಲೂ ಪಕ್ಕದ ಅಕ್ಕನ ಮನೆಯ ಅಳತೆ. ಅದನ್ನೂ ತುಂಬಿದೆ. ಬಾಗಿಲು ತಟ್ಟಿ ಕೊಡಲು ಮುಖವಿರಲಿಲ್ಲ. ಅವಳ ಜಗಲಿಯ ಮೇಲೆ ಇಟ್ಟು, ಮೇಲೊಂದು ತಟ್ಟೆ ಮುಚ್ಚಿ, ಕಳ್ಳಿಯ ಹಾಗೆ ವಾಪಸ್ ಬಂದೆ. ಎಂಟರ ಬಸ್ಸು ಹತ್ತುವಾಗ ಕರು ಮಲಗಿತ್ತು. 'ಸಾಯಂಕಾಲ ಬತ್ತೀನಿ ಕಣೆ,' ಅಂತ ಅದಕ್ಕೆ ಹೇಳಿ ಹೊರಟೆ. ಅವ್ವನಿಗೆ ಜ್ವರ ಬಂದ ದಿನ ಆಡಿದ್ದೂ ಅದೇ ಮಾತು ಅಂತ ಆಗ ಹೊಳೆಯಲಿಲ್ಲ.

ಎರಡು ಗಂಟೆಯ ಸುಮಾರಿಗೆ ಬುತ್ತಿ ಬಿಚ್ಚುವ ಮುಂಚೆ ದನದ ಡಾಕ್ಟರಿಗೆ ಫೋನ್ ಮಾಡಿದೆ. ನಮ್ಮ ಸುತ್ತಿನ ಹಳ್ಳಿಗಳಿಗೆ ಬರುವ, ಇನ್ನೂ ಚಿಕ್ಕ ವಯಸ್ಸಿನ, ನಿಧಾನದ ಮನುಷ್ಯ. ಈದ ಮೇಲೆ ಬೀಳುವ ಮಾಸು ಸರಿಯಾಗಿ ಬಿದ್ದಿದೆ, ಇಂಜೆಕ್ಷನ್ ಏನಾದರೂ ಬೇಕಾ ಅಂತ ಕೇಳುವುದಿತ್ತು.

'ಹಸುಗೇನೂ ಬೇಡ. ಕರು ಗಿಣ್ಣು ಎಷ್ಟು ಕುಡೀತು ಮೇಡಂ?'

'ಎರಡು ಗುಟುಕು ಕುಡೀತು. ಉಳಿದದ್ದು ಬೀದಿಗೆ ಹಂಚಿದೆ ಸಾರ್. ಸಂಜೆ ಹೊಸದು ಬರ್ತದಲ್ಲ.'

ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. 'ನೀವು ಲ್ಯಾಬ್ ಕೆಲಸದೋರು, ನಾನು ಹೇಳ್ಬೇಕಾ? ಮನುಷ್ಯರ ಮಗುಗೆ ತಾಯಿ ಹೊಟ್ಟೇಲೇ ರಕ್ತದ ಮೂಲಕ ಪ್ರತಿಕಾಯ ಕೊಟ್ಟು ಕಳಿಸ್ತಾಳೆ. ಹಸು ಹಾಗಲ್ಲ. ಕರು ಹೆಚ್ಚುಕಮ್ಮಿ ಬರೀಗೈಲಿ ಹುಟ್ಟುತ್ತೆ. ಎಲ್ಲಾ ಆ ಮೊದಲ ಗಿಣ್ಣಲ್ಲೇ ಇರೋದು. ಅದೂ ಕರುಳಿಂದ ರಕ್ತಕ್ಕೆ ಸೇರೋದು ಒಂದು ದಿನ ಮಾತ್ರ, ಗಂಟೆ ಗಂಟೆಗೂ ಕಮ್ಮಿ ಆಗ್ತಾ ಹೋಗುತ್ತೆ. ಎರಡನೇ ಸಲ ಕರೆಯೋದು ಅರ್ಧಕ್ಕರ್ಧ ತೆಳು. ಕುದಿಸದೆ ಇರೋ ಮೊದಲನೇ ಗಿಣ್ಣು ಯಾರ ಮನೇಲಾದ್ರೂ ಇದ್ರೆ ವಾಪಸ್ ತಂದು ಕುಡಿಸಿ. ಈಗ್ಲೇ.'

ಬುತ್ತಿ ಮುಚ್ಚಿದೆ. ಇಪ್ಪತ್ತೊಂಬತ್ತು ವರ್ಷ ಬಾಯಿಪಾಠ ಒಪ್ಪಿಸಿದ್ದೇನೆ, ಓಲೆ ಇಲ್ಲದಿದ್ದರೆ ಪಕ್ಕದಲ್ಲೇ ಇದ್ದರೂ ದಾಟಿಕೊಂಡು ಹೋಗುತ್ತವೆ ಅಂತ. ಆ ಕರುವಿನ ರಕ್ತದಲ್ಲಿ ನುಂಗುವ ಕಣಗಳು ಬೇಕಾದಷ್ಟಿವೆ. ಕೊಟ್ಟಿಗೆಯ ನೆಲದಲ್ಲಿ ರೋಗಾಣುಗಳೂ ಬೇಕಾದಷ್ಟಿವೆ. ನಡುವೆ ಇರಬೇಕಾದ ಓಲೆಗಳನ್ನು ನಾನು ಪಾತ್ರೆಗೆ ತುಂಬಿ ಬೀದಿಗೆ ಕೊಟ್ಟು ಬಂದಿದ್ದೆ, ಜನ ಬಂದು ಕೂರಲಿ ಅಂತ. ಥೂ ನನ್ನ ಬುದ್ಧಿಗೆ!

ಬಸ್ಸು ಸಿಗುವುದೇ ತಡವಾಯಿತು. ಸಿಕ್ಕಿದ್ದು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ತೆವಳಿತು. ಮನೆ ಸೇರಿದಾಗ ಐದು ದಾಟಿತ್ತು. ಕರು ಬೆಳಿಗ್ಗೆ ಬಿಟ್ಟಲ್ಲೇ ಕತ್ತು ಮಡಚಿಕೊಂಡು ಬಿದ್ದಿತ್ತು, ಕಿವಿ ತಣ್ಣಗೆ. ಹಸು ಅದನ್ನು ನೆಕ್ಕಿ ನೆಕ್ಕಿ ಸೋತು ನನ್ನ ಮುಖ ನೋಡಿತು. ಕೆಚ್ಚಲಿಗೆ ಕೈ ಹಾಕಿದೆ. ಬಂದ ಹಾಲು ಬೆಳಗಿನಷ್ಟು ಹಳದಿಯಿಲ್ಲ, ಮಂದವೂ ಇಲ್ಲ. ಒಂದು ಸಣ್ಣ ಲೋಟದಷ್ಟು ಕುಡಿಸಿ, ಸೆರಗು ಸಿಕ್ಕಿಸಿಕೊಂಡು ಬೀದಿಗೆ ಬಿದ್ದೆ.

ಕೊಟ್ಟದ್ದನ್ನು ವಾಪಸ್ ಕೇಳುವುದು ನಮ್ಮಲ್ಲಿ ಹೀನಾಯ. ಗಿಣ್ಣನ್ನು ಕೇಳುವುದಂತೂ ಯಾರೂ ಕೇಳಿರದ ಮಾತು. ಅದರ ಮೇಲೆ ಹೊತ್ತು ಮುಳುಗುತ್ತಿತ್ತು. ದೀಪ ಹಚ್ಚಿದ ಮೇಲೆ ನಮ್ಮ ಕಡೆ ಹಾಲು, ಮೊಸರು, ಹೆಪ್ಪು ಯಾವುದೂ ಹೊಸಿಲು ದಾಟುವುದಿಲ್ಲ, ಲಕ್ಷ್ಮಿ ಹೊರಟುಹೋಗುತ್ತಾಳೆ ಅಂತ. ಎಷ್ಟು ಓದಿದವರೂ ಇದನ್ನು ಮೀರುವುದಿಲ್ಲ. ನಾನೂ ಮೀರಿದವಳಲ್ಲ.

ಮೊದಲನೇ ಮನೆಯವಳು ನಗುತ್ತ ಬಂದಳು. 'ಅಯ್ಯೋ, ಬೆಳುಗ್ಗೇನೇ ಬೇಯಿಸ್ಬುಟ್ಟೆ ಕಣಕ್ಕ. ಏನ್ ಚೆಂದಾಗಿತ್ತು ಅಂತೀಯ!' ನಾನು ಬಂದದ್ದು ಪಾತ್ರೆ ವಾಪಸ್ ಕೇಳಲು ಅಂದುಕೊಂಡು, ತೊಳೆದ ಪಾತ್ರೆಗೆ ಒಂದು ಹಿಡಿ ಅಕ್ಕಿ ಹಾಕಿ ಕೊಟ್ಟಳು. ಎರಡನೇ ಮನೆಯಲ್ಲಿ ಒಲೆಯ ಮೇಲೆಯೇ ಇತ್ತು, ಕುದಿದು ಗಡ್ಡೆ ಕಟ್ಟಿತ್ತು. ಮುಟ್ಟಿ ನೋಡಿದೆ. ಬೆಂದ ಮೇಲೆ ಅದರಲ್ಲಿರುವ ಪ್ರತಿಕಾಯ ಕೆಟ್ಟಂತೆಯೇ. ರುಚಿಗೆ ಮಾತ್ರ ಬಂತು. ಮೂರನೆಯವಳು, 'ಕೊಟ್ಟಿದ್ನ ವಾಪಸ್ ಕೇಳ್ಕಂಡ್ ಬಂದೀಯಲ್ಲ, ಎಂಥೋಳೇ ನೀನು,' ಅಂತ ಮುಖಕ್ಕೇ ಹೇಳಿದಳು. ಅನ್ನಿಸಿಕೊಂಡೆ. ಜೀವಮಾನದಲ್ಲಿ ಮೊದಲ ಸಲ ತಿರುಗಿ ಮಾತಾಡಲಿಲ್ಲ. ನಾಲ್ಕನೇ ಮನೆ, ಐದನೇ ಮನೆ, ಆರನೇ ಮನೆ. ಎಲ್ಲರೂ ಪ್ರೀತಿಯಿಂದ ಬೇಯಿಸಿ ತಿಂದಿದ್ದರು. ನಾನು ಹೋದಂತೆಲ್ಲ ಹಿಂದೆ ಹಿಂದೆಯೇ ಒಂದೊಂದು ಮನೆಯ ದೀಪ ಹತ್ತಿತು.

ಉಳಿದದ್ದು ಅಕ್ಕನ ಮನೆ. ಕತ್ತಲಾಗಿತ್ತು, ಬಾಗಿಲು ಅರ್ಧ ತೆರೆದಿತ್ತು. ಬೇಯಿಸಿರುತ್ತಾಳೆ, ಇಲ್ಲವೇ ನನ್ನ ಮೇಲಿನ ಸಿಟ್ಟಿಗೆ ಚರಂಡಿಗೆ ಸುರಿದಿರುತ್ತಾಳೆ, ಎರಡೂ ಅಲ್ಲದಿದ್ದರೂ ನನಗೆ ಕೊಡುತ್ತಾಳೆಯೇ? ಆ ಬಾಗಿಲ ಮುಂದೆ ನಿಂತೆ, ಕರೆಯಲಿಲ್ಲ. ಒಂದು ಪ್ರಾಣ ಹೋಗುತ್ತಿದೆ, ನನಗೆ ಮಾನದ ಚಿಂತೆ. ದಾಟಿಕೊಂಡು ನಮ್ಮ ಮನೆಯ ಮೆಟ್ಟಿಲವರೆಗೂ ಬಂದೆ.

'ಲೇ. ಬಾ ಇಲ್ಲಿ.'

ಕತ್ತಲೊಳಗಿಂದ ಅಕ್ಕನ ದನಿ. ಎರಡು ವರ್ಷದ ಮೇಲೆ. ತಿರುಗಿ ಹೋದೆ.

'ಆಗ್ನಿಂದ ಬೀದಿ ಸುತ್ತುತಿದ್ದೀಯ, ಇಲ್ಗೆ ಯಾಕ್ ಬರ್ನಿಲ್ಲ?'

'ಅಕ್ಕ, ಗಿಣ್ಣಾಲು...'

'ಗೊತ್ತು. ಎದುರ್ಮನೇಲಿ ಕೇಳ್ತಿದ್ದುದ್ದು ಕೇಳುಸ್ತು.' ಅವಳು ತಡವಿಕೊಂಡು ಹೋಗಿ ಫ್ರಿಜ್ಜಿನ ಬಾಗಿಲು ತೆರೆದಳು. ಆ ಬೆಳಕಿನಲ್ಲಿ ಅವ್ವನ ತಂಬಿಗೆ ಕಂಡಿತು, ನಾನು ಮುಚ್ಚಿದ ತಟ್ಟೆಯ ಸಮೇತ. 'ಕುದುಸ್ನಿಲ್ಲ. ಬಾಯ್ಬುಟ್ಟು ಒಂದ್ ಮಾತಾಡ್ದೆ ಜಗಲಿ ಮ್ಯಾಲ್ ಮಡುಗ್ಬುಟ್ಟು ಓದೋಳ್ ಗಿಣ್ಣ ಎಂಗ್ ಬೇಯಿಸ್ಕಂಡ್ ತಿನ್ನದು? ಚೆಲ್ಲಕ್ಕೂ ಮನ್ಸಾಗ್ನಿಲ್ಲ.' ತಂಬಿಗೆ ನನ್ನ ಕೈಗಿಟ್ಟಳು. 'ಇನ್ನೂ ದೀಪ ಅಚ್ಚಿಲ್ಲ. ಬಿರ್ನೆ ತಗಂಡೋಗು.'

ಒಂದು ಮಾತು ಆಡಿ ಕೊಟ್ಟಿದ್ದರೆ ಅವಳು ಬೆಳಿಗ್ಗೆಯೇ ಬೇಯಿಸಿಬಿಡುತ್ತಿದ್ದಳು. ನಾವಿಬ್ಬರೂ ಸರಿಯಿದ್ದಿದ್ದರೆ ಕರುವಿನ ಕಥೆ ಮುಗಿದಿತ್ತು. ಇದನ್ನು ಯಾರಿಗೆ ಹೇಳಲಿ?

ಬಿಸಿನೀರಿನ ಬಕೀಟಿನಲ್ಲಿ ತಂಬಿಗೆ ಇಳಿಬಿಟ್ಟು ಉಗುರುಬೆಚ್ಚಗೆ ಮಾಡಿದೆ. ಕರುವಿನ ತಲೆಯನ್ನು ತೊಡೆಯ ಮೇಲಿಟ್ಟು, ಹಾಲಿನಲ್ಲಿ ಅದ್ದಿದ ಬೆರಳನ್ನು ಬಾಯಿಗಿಟ್ಟೆ. ಸುಮ್ಮನಿತ್ತು. ಮತ್ತೆ ಅದ್ದಿ ಇಟ್ಟೆ. ಎಷ್ಟೋ ಹೊತ್ತಿನ ಮೇಲೆ ನಾಲಿಗೆ ಬೆರಳನ್ನು ಸುತ್ತಿ ಒಮ್ಮೆ ಎಳೆಯಿತು. ಆ ಒಂದು ಎಳೆತಕ್ಕೆ ನನಗೆ ಅಳು ಒತ್ತರಿಸಿ ಬಂತು. ಒಂದೂವರೆ ಲೀಟರನ್ನು ಗುಟುಕು ಗುಟುಕಾಗಿ ಮುಗಿಸುವ ಹೊತ್ತಿಗೆ ನನ್ನ ಕಾಲು ಜೋಮು ಹಿಡಿದಿತ್ತು. ಕರು ನೋಡಲು ಬೀದಿಯವರು ಯಾರೂ ಬರಲಿಲ್ಲ. ಗಿಣ್ಣು ವಾಪಸ್ ಕೇಳಿದವಳ ಮನೆಗೆ ಯಾರು ಬರುತ್ತಾರೆ?

ತಡವಾಗಿ ಕುಡಿಸಿದ್ದರಿಂದ ಎಷ್ಟು ರಕ್ತಕ್ಕೆ ಸೇರಿತೋ ಹೇಳಲಾಗದು ಅಂದರು ಡಾಕ್ಟರು. ಕಾದು ನೋಡಬೇಕಿತ್ತು. ಅಷ್ಟೂ ದಿನ ರಜೆ ಹಾಕಿದೆ. ಲ್ಯಾಬಿನಲ್ಲಿ ಯಾರೂ ಏಕೆ ಅಂತ ಕೇಳಲಿಲ್ಲ. ಐದನೇ ದಿನ ಕರುವಿನ ಹೊಕ್ಕುಳು ಊದಿತು, ಮುಟ್ಟಿದರೆ ಒದೆಯುತ್ತಿತ್ತು, ಮೈ ಸುಡುತ್ತಿತ್ತು. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು, ಗಾಯ ತೊಳೆದರು. ಒಸರಿದ ಕೀವಿನಲ್ಲಿ ಒಂದು ಹನಿಯನ್ನು ನಾನು ಸ್ಲೈಡಿಗೆ ಸವರಿಕೊಂಡೆ. ಅವರು ನನ್ನ ಮುಖ ನೋಡಿದರು. 'ಅಭ್ಯಾಸ ಸಾರ್,' ಅಂದೆ.

ಮಾರನೇ ದಿನ ಲ್ಯಾಬಿಗೆ ಹೋಗಿ ಬಣ್ಣ ಹಾಕಿ ಕಣ್ಣಿಟ್ಟೆ. ಹೋಳು ಹೋಳಿನ ಬೀಜದ ಕಣಗಳು ಒತ್ತಿಕೊಂಡು ತುಂಬಿದ್ದವು. ಗುಂಡು ಗುಂಡನೆಯ ರೋಗಾಣುಗಳು ಹೊರಗೆ ಅಲ್ಲೊಂದು ಇಲ್ಲೊಂದು ಮಾತ್ರ. ಮಿಕ್ಕವೆಲ್ಲ ಕಣಗಳ ಒಳಗೆ, ಒಂದರ ಹೊಟ್ಟೆಯಲ್ಲಿ ಎಂಟು, ಇನ್ನೊಂದರಲ್ಲಿ ಹನ್ನೆರಡು. ನುಂಗಿದ್ದವು. ಗುರುತು ಸಿಕ್ಕಿತ್ತು. ಎಣಿಸಬೇಕಾದ ಅಗತ್ಯವೇನೂ ಇರಲಿಲ್ಲ, ಆದರೂ ಡಬ್ಬ ಎಳೆದುಕೊಂಡು ಎಣಿಸಿದೆ. ಟಿಣ್ ಎಂದಿತು. ಅವ್ವನ ಸ್ಲೈಡು ನೆನಪಾಗಿ ಅಲ್ಲಿಯೇ ಕೂತು ಅತ್ತೆ. ಹಿಂದೆ ನಾನು ಬೈದಿದ್ದ ಹುಡುಗಿ ಒಂದು ಲೋಟ ನೀರು ತಂದಿಟ್ಟು ಹೋದಳು.

ಎರಡು ವಾರಕ್ಕೆ ಕರು ಕೊಟ್ಟಿಗೆ ತುಂಬ ಕುಣಿಯಿತು. ಅವತ್ತು ಸಂಜೆ ಅವ್ವನ ತಂಬಿಗೆಯಲ್ಲಿ ಹೊಸ ಹಾಲು ತುಂಬಿಕೊಂಡು ಅಕ್ಕನ ಮನೆಗೆ ಹೋದೆ. ಹೊತ್ತಿರುವಾಗಲೇ ಹೊರಟಿದ್ದೆ, ಆದರೂ ಬೀದಿಯಲ್ಲಿ ಆಗಲೇ ದೀಪಗಳು ಹತ್ತುತ್ತಿದ್ದವು. ಈ ಸಲ ಬಾಗಿಲು ತಟ್ಟಿದೆ. ಅವಳು ಒಳಗೆ ಕತ್ತಲಲ್ಲೇ ಗೋಡೆಗೊರಗಿ ಕೂತಿದ್ದಳು.

'ಕರ ಉಳೀತಕ್ಕ.'

'ಕೇಳುಸ್ತದೆ ಅದ್ರ್ ಕುಣ್ತ.'

'ಯಾಕಕ್ಕ ದೀಪ ಅಚ್ಚಿಲ್ಲ? ಇನ್ನೂ ನನ್ನ ಮೇಲೆ ಕ್ವಾಪ್ವಾ?'

ಅವಳು ಯಾರಿಗೋ ಹೇಳುವ ಹಾಗೆ, 'ನೀ ಅವತ್ ಕೇಳ್ದಲ್ಲ, ಏನ್ ಕೊಟ್ಟೆ ನಮ್ಮವ್ವುಂಗೆ ಅಂತ,' ಅಂದಳು. 'ಏನೂ ಕೊಡ್ನಿಲ್ಲ ಕಣವ್ವ. ಅವತ್ ಸಂದೆ ನಿಮ್ಮವ್ವ ಗ್ವಾಡೆ ಇಡ್ಕಂಡ್ ಇಡ್ಕಂಡ್ ಇಲ್ಗಂಟ ಬಂದ್ಲು. ಬಾಯೆಲ್ಲ ಒಣಗೋಗದೆ, ಒಂದ್ ಲೋಟ ಆಲ್ ಕೊಡವ್ವ ಅಂದ್ಲು. ನಿಮ್ಮನೆ ಅಸ ಆಗ ಬತ್ತೋಗಿತ್ತಲ್ಲ. ನಾನ್ ಆಗ್ತಾನೆ ದೀಪ ಅಚ್ಚಿದ್ದೆ. ಬೆಳುಗ್ಗೆ ಕೊಡ್ತೀನಿ ಓಗವ್ವ ಅಂದೆ. ಬೆಳುಗ್ಗೆ ಆಲ್ ಕಾಯಿಸ್ಕಂಡ್ ಬಂದ್ರೆ ನಿಮ್ಮನೇಗ್ ಬೀಗ.'

ಹೊರಗೆ ಯಾರದೋ ಗಾಡಿ ಹೋಯಿತು.

'ಅವತ್ನಿಂದ ಬೀದಿಯೋರೆಲ್ಲ ಅಚ್ಚಿ ಆದ್ಮ್ಯಾಲೇ ನಾನ್ ಅಚ್ಚದು. ಯಾರಾರ ಕೇಳ್ಕಂಡ್ ಬಂದ್ರೆ ಅಂತ.'

ನನಗೆ ಗೊತ್ತಿದ್ದದ್ದು ಒಂದೇ ಸಮಾಧಾನ. ಆ ರಕ್ತವನ್ನು ನೋಡಿದವಳು ನಾನು. ಮೂವತ್ತೆಂಟೇ ಕಣ. 'ಒಂದ್ ಲೋಟ ಆಲಿಂದ ಅವ್ವ ಉಳೀತಿರ್ಲಿಲ್ಲ ಕಣಕ್ಕ,' ಅಂದೆ. 'ನಾನೇ ನೋಡಿವ್ನಿ. ಆಗ್ಲೇ ಮುಗ್ದೋಗಿತ್ತು.'

'ಉಳೀತಿರ್ಲಿಲ್ಲ, ಸರಿ,' ಅಂದಳು ಅಕ್ಕ. 'ಬಾಯಾರ್ಕೆ?'

ತಂಬಿಗೆಯನ್ನು ಅವಳ ಮುಂದಿಟ್ಟು, ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಇಬ್ಬರೂ ದೀಪ ಹಚ್ಚಲು ಏಳಲಿಲ್ಲ.